ಮೂರು ಅಂಕದ ಪುಷ್ಪಚಕ್ರ

ಮೇ 9, ಗುರುವಾರ. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ದೇಗು ನಗರದ ಟ್ಯೂಷನ್ ಬೀದಿಯ ಪೊಲೀಸ್ ಠಾಣೆಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಕಾಲಲ್ಲಿ ಆಸ್ಪತ್ರೆಯ ರಬ್ಬರ್ ಚಪ್ಪಲಿ ಇತ್ತು. ದೂರು ಬರೆದುಕೊಳ್ಳುವ ಪೇದೆ ಹೆಸರು ಕೇಳಿದ. ತಾಕ್ ಮಿರಾನ್, ಗುಡ್ಡದ ಮೇಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್.

"ನಮ್ಮನೆಗೆ ಯಾರೋ ಸಾವಿನ ಹೂವು ಕಳಿಸಿದಾರೆ. ಸತ್ತಿರೋದು ನಾನು ಅಂತ ಬರೆಸಿ."

ಪೇದೆ ಪೆನ್ನು ಕೆಳಗಿಟ್ಟ. ಈಚೆಗೆ ನಮ್ಮೂರಲ್ಲಿ ಸಿಟ್ಟು ಬಂದವರೆಲ್ಲ ಪುಷ್ಪಚಕ್ರ ಕಳಿಸುವವರೇ. ಆಳಿಗಿಂತ ಎತ್ತರದ, ಮೂರು ಅಂತಸ್ತಿನ ಬಿಳಿ ಸೇವಂತಿಗೆ ಚಕ್ರಗಳು ಸಾವಿನ ಮನೆಯ ಬಾಗಿಲಲ್ಲಿ ನಿಲ್ಲಬೇಕಾದವು. ಅವನ್ನು ತಂದು ನಗರಸಭೆಯ ಮುಂದೆ, ಟೀವಿ ಕಚೇರಿಯ ಮುಂದೆ ಸಾಲಾಗಿ ನಿಲ್ಲಿಸಿ, ಇಳಿಬಿಟ್ಟ ರಿಬ್ಬನ್ನಿನಲ್ಲಿ ಬೈಗುಳ ಬರೆಸುವುದಕ್ಕೆ ಪ್ರತಿಭಟನೆ ಎಂದು ಹೆಸರು. ಅದಕ್ಕೆಲ್ಲ ಕೇಸು ಹಾಕಲು ಬರುವುದಿಲ್ಲ ಎಂಬ ಮಾತು ಪೇದೆಗೆ ಬಾಯಿಪಾಠವಾಗಿತ್ತು.

"ಮೇಡಂ, ಇದು ನಮ್ಮ ಕೈಲಿ ಇಲ್ಲ. ಸ್ಕೂಲಿನವರ ಹತ್ರ ಮಾತಾಡಿ."

"ಬಾಗಿಲು ತೆಗೆದಿದ್ದು ನಮ್ಮಮ್ಮ. ಎಪ್ಪತ್ತೆಂಟು ವರ್ಷ. ಈಗ ಐಸಿಯುನಲ್ಲಿದಾರೆ," ಎಂದರು ತಾಕ್ ಮಿರಾನ್.

ಗಾಜಿನ ಗೋಡೆಯ ಆಚೆ ಬಿಸಿನೀರು ಕುಡಿಯುತ್ತ ಕುಳಿತಿದ್ದ ಇನ್‌ಸ್ಪೆಕ್ಟರ್ ನಾಮ್‌ಗುಂಗ್ ಲೋಟ ಇಟ್ಟು ಎದ್ದು ಬಂದರು. ಇಪ್ಪತ್ತಾರು ವರ್ಷದ ನೌಕರಿ ಅವರ ಹೊಟ್ಟೆಯನ್ನು ಕೆಡಿಸಿತ್ತೇ ಹೊರತು ಕಿವಿಯನ್ನಲ್ಲ. ಸಿಟ್ಟು ಬಂದರೆ ಅವರ ದನಿ ಏರುವುದಿಲ್ಲ, ಇಳಿಯುತ್ತದೆ. ಠಾಣೆಯವರಿಗೆಲ್ಲ ಅದು ಗೊತ್ತು.

"ಮೇಡಂಗೆ ಕುರ್ಚಿ ಕೊಡು. ಪೆನ್ನು ಕೈಗೆ ತಗೋ," ಎಂದರು ಪೇದೆಗೆ, ಮೆಲ್ಲಗೆ.

ಒಂಬತ್ತು ನಲವತ್ತಕ್ಕೆ ಎಫ್‌ಐಆರ್ ಆಯಿತು. ಅಪರಿಚಿತ ವ್ಯಕ್ತಿ, ಬೆದರಿಕೆ, ಮಾನಹಾನಿ, ದೈಹಿಕ ಹಾನಿ.

ಹತ್ತೂವರೆಗೆ ಇನ್‌ಸ್ಪೆಕ್ಟರ್ ನಾಮ್‌ಗುಂಗ್ ಮತ್ತು ಕಾನ್‌ಸ್ಟೇಬಲ್ ಬೊಕ್ ಯುನ್‌ಸಿಲ್ ಸ್ಥಳಕ್ಕೆ ಹೋದರು. ಬೊಕ್‌ಗೆ ಮೂವತ್ತು ವರ್ಷ, ಇದೇ ಊರಿನ ಹುಡುಗಿ. ಹಳೆಯ ಓಣಿ, ಕಲ್ಲಿನ ಮೆಟ್ಟಿಲು, ಮೇಲೆ ನೀಲಿ ಗೇಟಿನ ಮನೆ. ಬಾಗಿಲಿಗೆ ಅಡ್ಡವಾಗಿ ಪುಷ್ಪಚಕ್ರ ಇನ್ನೂ ನಿಂತೇ ಇತ್ತು. ಬೊಕ್ ಪಂಚನಾಮೆ ಬರೆದಳು. ಸೇವಂತಿಗೆಯಲ್ಲಿ ಅರ್ಧ ನಿಜದವು, ಅರ್ಧ ಪ್ಲಾಸ್ಟಿಕ್ಕಿನವು. ಬಲಗಡೆಯ ರಿಬ್ಬನ್ನಿನಲ್ಲಿ 'ದಿವಂಗತ ತಾಕ್ ಮಿರಾನ್ ಅವರಿಗೆ ಶ್ರದ್ಧಾಂಜಲಿ'. ಕಳಿಸಿದವರ ಹೆಸರು ಬರುವ ಎಡಗಡೆಯ ರಿಬ್ಬನ್ನಿನಲ್ಲಿ ಒಂದೇ ಶಬ್ದ, 'ಶಿಷ್ಯ'. ನಮ್ಮಲ್ಲಿ ಹುಡುಗನಿಗೂ ಹುಡುಗಿಗೂ ಅದೊಂದೇ ಶಬ್ದ.

"ಸ್ಕೂಲಿನ ಹುಡುಗಿ ಯಾರೋ ಇರಬೇಕು ಸಾರ್," ಎಂದಳು ಬೊಕ್.

"ಇರಬಹುದು. ಬರ್ಕೋ."

ಹೊಸ್ತಿಲ ಒಳಗೆ, ಚಪ್ಪಲಿ ಬಿಡುವ ಜಾಗದಲ್ಲಿ ಮುದುಕಿಯ ಮಡಚುವ ಫೋನು ಬಿದ್ದಿತ್ತು. ಬೊಕ್ ಅದನ್ನು ತೆರೆದು ನೋಡಿ ನಾಮ್‌ಗುಂಗ್‌ರ ಕೈಗೆ ಕೊಟ್ಟಳು. ಬುಧವಾರ ಮಧ್ಯಾಹ್ನ ಹನ್ನೆರಡೂವರೆಯಿಂದ ಪರದೆಯ ತುಂಬ ಒಂದೇ ಹೆಸರಿಗೆ ಮಾಡಿದ ಕರೆಗಳು: ಮಗಳು, ಮಗಳು, ಮಗಳು. ಒಂದೂ ಸೇರಿರಲಿಲ್ಲ.

ಗೇಟಿನ ಹೊರಗೆ ನಿಂತಿದ್ದ ತಾಕ್ ಮಿರಾನ್ ಇನ್‌ಸ್ಪೆಕ್ಟರ್ ಕೇಳುವ ಮೊದಲೇ ಹೇಳಿದರು. "ನಾನು ಫೋನ್ ಆಫ್ ಮಾಡಿದ್ದೆ. ಪರೀಕ್ಷೆಯ ಒಂದು ಪ್ರಶ್ನೆಗೋಸ್ಕರ ಹತ್ತು ದಿನದಿಂದ ಹುಡುಗೀರ ಅಮ್ಮಂದಿರು ಫೋನ್ ಮಾಡಿ ಮಾಡಿ ಬೈತಿದ್ರು. ಕ್ಲಾಸ್ ತಗೊಳ್ಳೋಕೆ ಆಗ್ತಿರಲಿಲ್ಲ."

ಮುದುಕಿ ರಿಬ್ಬನ್ನು ಓದಿದ್ದಾರೆ. ಮಗಳಿಗೆ ಫೋನ್ ಮಾಡಿದ್ದಾರೆ. ಫೋನು ಸತ್ತಿದೆ. ಆಮೇಲೆ ನಂಬದೆ ಇರುವುದಕ್ಕೆ ಅವರ ಬಳಿ ಏನಿತ್ತು? ನಾಮ್‌ಗುಂಗ್ ಫೋನನ್ನು ಜಪ್ತಿಯ ಚೀಲಕ್ಕೆ ಹಾಕಿ ಸಹಿ ಮಾಡಿದರು.

ಓಣಿಯ ತಿರುವಿನಲ್ಲಿ ಅಕ್ಕಿಕಡುಬಿನ ಅಂಗಡಿ. ಅದರ ಯಜಮಾನಿ ಬಿನ್ ಅಜ್ಜಿಯೇ ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಹೊಸ್ತಿಲಲ್ಲಿ ಬಿದ್ದಿದ್ದ ಮುದುಕಿಯನ್ನು ನೋಡಿ ಆಂಬುಲೆನ್ಸ್ ಕರೆದವರು. ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತ ಹೇಳಿಕೆ ಕೊಟ್ಟರು.

"ಹೂವಿನ ಗಾಡಿಯವನು ಇಲ್ಲೇ ನಿಲ್ಲಿಸಿ ಕೇಳಿದ, 'ಅಜ್ಜಿ, ಸಾವಾಗಿರೋದು ಯಾರ ಮನೇಲಿ?' ನಾನಂದೆ, 'ಯಾರೂ ಸತ್ತಿಲ್ಲ ಕಣೋ, ಬಾಯಿ ತೊಳ್ಕೊಂಡು ಬಾ ಹೋಗು.' ಅವನು ಚೀಟಿ ತೋರಿಸಿದ. ಅದರಲ್ಲಿ ಮನೆಯ ಹಳೇ ನಂಬರು. ರಸ್ತೆ ಹೆಸರಲ್ಲಿ ವಿಳಾಸ ಮಾಡಿ ಹತ್ತು ವರ್ಷದ ಮೇಲಾಯ್ತಲ್ಲಪ್ಪ. ಪೋಸ್ಟಿನವನಿಗೂ ಈಗ ಆ ನಂಬರು ಗೊತ್ತಿಲ್ಲ. ನಾನೇ ಹೇಳಿದೆ, ಅದು ಮೇಲಿನ ನೀಲಿ ಗೇಟು ಅಂತ." ಅಜ್ಜಿ ಮೆಟ್ಟಿಲಿನ ಕಡೆ ತಿರುಗಿದರು. "ನಾನೇ ದಾರಿ ತೋರಿಸಿಬಿಟ್ಟೆ ನೋಡು."

"ಆಮೇಲೆ?"

"ಅವನು ಗಂಟೆ ಒತ್ತಿ 'ಹೂವು ಬಂದಿದೆ' ಅಂತ ಕೂಗಿದ್ದು ಇಲ್ಲಿಗೂ ಕೇಳಿಸ್ತು. ಬುನ್ನಾಮಕ್ಕ ಒಳಗಿಂದ 'ಬಂದೆ, ಬಂದೆ' ಅಂದಳು. ಮೇ ಎಂಟು ಅಲ್ವೇನಪ್ಪ ನಿನ್ನೆ?"

ಮೇ ಎಂಟು ಅಪ್ಪ ಅಮ್ಮಂದಿರ ದಿನ. ಮಕ್ಕಳು ಕೆಂಪು ಕಾರ್ನೇಷನ್ ಕೊಡುವ ದಿನ. ಓಂಗ್ ಬುನ್ನಾಮ್ ಎಂಬ ಆ ಮುದುಕಿ ಮಗಳು ಕಳಿಸಿದ ಹೂವೆಂದು ಬಾಗಿಲು ತೆಗೆದಿದ್ದರು. ಬೊಕ್ ಇದನ್ನು ಬರೆದುಕೊಳ್ಳಲಿಲ್ಲ. ಹೇಳಿಕೆಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ.

ಮೇ 10, ಶುಕ್ರವಾರ. ಶಾಲೆಗೆ ಹೋಗುವ ದಾರಿಯಲ್ಲಿ, ಜೀಪಿನಲ್ಲಿ, ನಾಮ್‌ಗುಂಗ್ ಕೇಳಿದರು.

"ಆ ಪ್ರಶ್ನೆ ಏನದು? ನನಗೆ ತಿಳಿಯೋ ಹಾಗೆ ಹೇಳು."

"ಅರ್ಧವಾರ್ಷಿಕದ ಇಪ್ಪತ್ತೆರಡನೇ ಪ್ರಶ್ನೆ ಸಾರ್. ಚಿಕ್ಕವರು ಹಿರಿಯರ ಜೊತೆ ಹೇಗಿರಬೇಕು ಅಂತ ಒಂದು ಇಂಗ್ಲಿಷ್ ವಾಕ್ಯ. ಬಿಟ್ಟ ಜಾಗದಲ್ಲಿ ಯಾವ ವಿಶೇಷಣ ಬರುತ್ತೆ ಅಂತ ಆರಿಸಬೇಕು. ರೆಸ್ಪೆಕ್ಟಬಲ್ಲೋ, ರೆಸ್ಪೆಕ್ಟ್‌ಫುಲ್ಲೋ."

"ಎರಡೂ ಗೌರವನೇ ಅಲ್ವಾ?"

"ರೆಸ್ಪೆಕ್ಟಬಲ್ ಅಂದ್ರೆ ಗೌರವಕ್ಕೆ ಯೋಗ್ಯರಾದೋರು. ರೆಸ್ಪೆಕ್ಟ್‌ಫುಲ್ ಅಂದ್ರೆ ಗೌರವ ಕೊಡೋರು. ಈ ವಾಕ್ಯದಲ್ಲಿ ಕೊಡೋರೇ ಬರಬೇಕು. ಅದರಲ್ಲಿ ಅನುಮಾನಾನೇ ಇಲ್ಲ. ನಾವು ಇಂಥ ಜೋಡಿಗಳನ್ನ ಬಸ್ಸಲ್ಲಿ ನಿಂತ್ಕೊಂಡೇ ಉರು ಹೊಡೀತಿದ್ವಿ."

"ಮತ್ತೆ ಗಲಾಟೆ ಯಾಕೆ?"

"ಮೂರು ಅಂಕ ಸಾರ್. ನೂರು ಜನರಲ್ಲಿ ನಾಲ್ಕೇ ಜನಕ್ಕೆ ಮೊದಲನೇ ಶ್ರೇಣಿ. ಮೂರು ಅಂಕ ಹೋದ್ರೆ ಎರಡನೇದು. ಎರಡನೇದಾದ್ರೆ ಮೆಡಿಕಲ್ ಮರೆತುಬಿಡಬೇಕು. ಹದಿನೇಳನೇ ವಯಸ್ಸಿಗೇ."

"ಸುಡುಗಾಡು," ಎಂದರು ನಾಮ್‌ಗುಂಗ್, ಕಿಟಕಿಯ ಕಡೆ ತಿರುಗಿ.

ಶಾಲೆಯ ಗೇಟಿನ ಹೊರಗೆ ಒಂದು ಡಜನ್ ಪುಷ್ಪಚಕ್ರಗಳು ಸಾಲಾಗಿ ನಿಂತಿದ್ದವು. 'ಸತ್ತ ನ್ಯಾಯಕ್ಕೆ ಶ್ರದ್ಧಾಂಜಲಿ, ಎರಡನೇ ವರ್ಷದ ಪೋಷಕರು.' ಹುಡುಗಿಯರು ಅವುಗಳ ಮಧ್ಯೆ ನುಸುಳಿಕೊಂಡು ಒಳಗೆ ಹೋಗುತ್ತಿದ್ದರು. ಒಬ್ಬಳೂ ತಲೆಯೆತ್ತಿ ಓದಲಿಲ್ಲ. ಅಷ್ಟು ಬೇಗ ರೂಢಿಯಾಗಿಬಿಟ್ಟಿತ್ತು.

ಮುಖ್ಯೋಪಾಧ್ಯಾಯರು ಜಿನ್‌ಸೆಂಗ್ ಕಷಾಯದ ಬಾಟಲಿ ಮುಂದಿಟ್ಟು ಉಪಚಾರ ಮಾಡಿದರು. ವಿಷಯ ಪತ್ರಿಕೆಗೆ ಹೋಗದ ಹಾಗೆ ನೋಡಿಕೊಳ್ಳಬೇಕು ಎಂದರು. ಟೀಚರ್ ಒಳ್ಳೆಯವರೇ, ಆದರೆ ಹಟ ಜಾಸ್ತಿ ಎಂದರು.

"ಏನು ಹಟ?"

"ಎರಡು ಉತ್ತರಾನೂ ಸರಿ ಅಂತ ಒಂದು ಸಹಿ ಹಾಕಿ ಅಂದೆ. ಹಾಕಿದ್ರೆ ಅವತ್ತೇ ಮುಗಿದುಹೋಗ್ತಿತ್ತು. 'ನನ್ನದು ತಪ್ಪಾಗಿದ್ರೆ ಕ್ಷಮೆ ಕೇಳ್ತಿದ್ದೆ, ತಪ್ಪಾಗಿಲ್ಲ' ಅಂತ ಕೂತರು. ಸರಿಯಾಗಿ ಬರೆದ ಮಕ್ಕಳಿಗೆ ಏನು ಹೇಳಲಿ ಅಂತ ನನ್ನನ್ನೇ ಕೇಳಿದರು."

"ನೀವೇನಂದ್ರಿ?"

"ನಿನ್ನೆ ಸಮಿತಿ ಸೇರಿಸಿದ್ದೆ ಇನ್‌ಸ್ಪೆಕ್ಟರೇ. ಎರಡೂ ಸರಿ ಅಂತ ತೀರ್ಮಾನ ಆಯ್ತು."

"ಅವರು ಐಸಿಯು ಮುಂದೆ ಕೂತಿದ್ದಾಗ."

ಮುಖ್ಯೋಪಾಧ್ಯಾಯರು ಬಾಟಲಿಯ ಮುಚ್ಚಳ ತಿರುಗಿಸುತ್ತ ಕುಳಿತರು. ಟೀಚರ್ ವಿಳಾಸ ಕೊಡಿ ಎಂದಾಗ ಶಾಲೆಯ ದಾಖಲೆಯಲ್ಲಿದ್ದದ್ದು ಗುಡ್ಡದ ಕೆಳಗಿನ ಒಂದು ಬಾಡಿಗೆ ಫ್ಲ್ಯಾಟಿನ ವಿಳಾಸ. ತಾಯಿಯ ಸೊಂಟದ ಮೂಳೆ ಮುರಿದ ಮೇಲೆ, ಚಳಿಗಾಲದಲ್ಲಿ, ಟೀಚರ್ ಹಳೆ ಮನೆಗೆ ಹೋಗಿದ್ದು ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೇಟಿನ ಹೂವುಗಳ ಮುಂದಾಳು ಸೊಯುಲ್ ಅಮ್ಮ. ಅವರಿಗೂ ಒಂದು ಸ್ವಂತ ಹೆಸರು ಇದ್ದಿರಬೇಕು, ಆದರೆ ಮಗಳು ಹೈಸ್ಕೂಲು ಸೇರಿದ ಮೇಲೆ ಅದನ್ನು ಯಾರೂ ಬಳಸಿದಂತಿಲ್ಲ. ಕಾಫಿ ಅಂಗಡಿಯಲ್ಲಿ ಅವರು ಹೆದರದೆ ಉತ್ತರ ಕೊಟ್ಟರು.

"ಗೇಟಿನವು ನಮ್ಮವೇ. ಹೆಸರು ಹಾಕೇ ಕಳಿಸಿದೀವಿ. ಮನೆಗೆ ಕಳಿಸೋಷ್ಟು ಕೆಟ್ಟವರಲ್ಲ ನಾವು."

"ಶಾಲೆಗೆ ಕಳಿಸೋಷ್ಟು ಒಳ್ಳೆಯವರು," ಎಂದರು ನಾಮ್‌ಗುಂಗ್. "ಉತ್ತರ ತಪ್ಪು ಅಂತ ನಿಮಗೆ ಯಾರು ಹೇಳಿದ್ದು? ನಿಮಗೆ ಇಂಗ್ಲಿಷ್ ಬರುತ್ತಾ?"

"ಜೇ ಸರ್ ಹೇಳಿದ್ರು. ಅವರೇ ಕ್ಲಾಸಲ್ಲಿ ಬೋರ್ಡ್ ಮೇಲೆ ಬರೆದುಕೊಟ್ಟಿದ್ರು, ಹಿರಿಯರ ಜೊತೆ ರೆಸ್ಪೆಕ್ಟಬಲ್ ಆಗಿರಬೇಕು ಅಂತ. ಎಪ್ಪತ್ತು ಹುಡುಗೀರು ಹಾಗೇ ಬರೆದಿದಾರೆ. ಈ ಬೀದೀಲಿ ಜೇ ಸರ್ ತಪ್ಪು ಹೇಳ್ತಾರೆ ಅಂದ್ರೆ ನೀವು ನಂಬ್ತೀರಾ?"

ನಮ್ಮೂರಿನ ಬಸ್ಸುಗಳ ಬೆನ್ನಿನ ಮೇಲೆಲ್ಲ ಜೇ ಸರ್ ಮುಖವಿದೆ. ಸೊಕ್ ಜೇಮಿನ್ ಅವರ ಪೂರ್ತಿ ಹೆಸರು. ಮೂವತ್ತೈದರ ಒಳಗಿನ ವಯಸ್ಸು, ಬಿಳಿ ಶರಟು, ಮಡಚಿದ ತೋಳು. ಅವರು ಹೇಳಿಕೊಟ್ಟ ಪ್ರಶ್ನೆಯೇ ಪರೀಕ್ಷೆಗೆ ಬರುತ್ತದೆ ಎಂಬುದು ಅವರ ಖ್ಯಾತಿ. ತಾಯಂದಿರು ಅವರ ತರಗತಿಯ ಸೀಟಿಗಾಗಿ ಬೆಳಗಿನ ಜಾವ ಸಾಲು ನಿಲ್ಲುತ್ತಾರೆ.

ಪುಷ್ಪಚಕ್ರದ ಕಂಬದ ಹಿಂದೆ ಹೂವಿನ ಅಂಗಡಿಯ ಸ್ಟಿಕರ್ ಇತ್ತು. ಸಾವಿನ ಮನೆಯಿಂದ ಹೂವು ವಾಪಸ್ ತಂದು, ಬಾಡಿದ್ದನ್ನು ಕಿತ್ತು, ಪ್ಲಾಸ್ಟಿಕ್ ಚುಚ್ಚಿ ಮತ್ತೊಂದು ಸಾವಿಗೆ ಕಳಿಸುವ ಅಂಗಡಿಗಳಲ್ಲಿ ಅದೂ ಒಂದು. ಯಜಮಾನ ಬಾಂಗ್ ಪೊಲೀಸರನ್ನು ನೋಡಿ, ಅದೇ ಕಾರಣಕ್ಕೆ ಬಂದಿದ್ದಾರೆಂದು ಹೆದರಿದ.

"ಆರ್ಡರ್ ಯಾರು ಕೊಟ್ಟಿದ್ದು?"

"ಫೋನಲ್ಲಿ ಸಾರ್. ಗಂಡಸಿನ ದನಿ. ಮೊದಲು ಮೆಸೇಜಲ್ಲಿ ಹೆಸರು, ವಿಳಾಸ ಬಂತು. ಕಳಿಸಿದವರು ಯಾರು ಅಂತ ಇರಲಿಲ್ಲ. ನಾನೇ ಫೋನ್ ಮಾಡಿ ಕೇಳಿದೆ. ಎಡಗಡೆ ರಿಬ್ಬನ್ ಖಾಲಿ ಬಿಟ್ಟು ಹೂವು ಕಳಿಸೋ ಪದ್ಧತಿ ಇಲ್ಲ ಸಾರ್, ಅಪಶಕುನ. ಸ್ವಲ್ಪ ತಡವರಿಸಿ, 'ಶಿಷ್ಯ ಅಂತ ಹಾಕಿ' ಅಂದರು."

"ವಿಳಾಸ ಹಳೇದು ಅಂತ ನಿಮಗೆ ಅನ್ನಿಸಲಿಲ್ವಾ?"

"ಅನ್ನಿಸ್ತು. ಕೇಳಿದೆ. 'ಅಕ್ಕಿಕಡುಬಿನ ಅಂಗಡಿ ಹತ್ರ ಮೆಟ್ಟಿಲು ಹತ್ತಬೇಕು, ಮುಂದೆ ಪರ್ಸಿಮನ್ ಮರ ಇದೆ' ಅಂದರು."

ಮುಂದೆ ಮರ ಇರಲಿಲ್ಲ. ಪಂಚನಾಮೆಯ ಫೋಟೋದಲ್ಲಿ ಗೇಟಿನ ಪಕ್ಕ ಒಂದು ಬುಡ ಮಾತ್ರ ಇತ್ತು, ಮೇಲೆ ಮೆಣಸಿನಕಾಯಿ ಸಸಿಯ ಕುಂಡ.

"ತಲುಪಿದ ಮೇಲೆ?"

"ಫೋಟೋ ಕಳಿಸ್ತೀವಲ್ಲ ಸಾರ್, ಎಲ್ಲ ಅಂಗಡಿಯವರೂ ಕಳಿಸ್ತಾರೆ." ಬಾಂಗ್ ಮೊಬೈಲ್ ತೆಗೆದು ತೋರಿಸಿದ.

ಫೋಟೋದಲ್ಲಿ ಪುಷ್ಪಚಕ್ರ ಪೂರ್ತಿ ಬಂದಿತ್ತು. ಅದರ ಪಕ್ಕದಲ್ಲಿ, ತೆರೆದ ಬಾಗಿಲಲ್ಲಿ, ಊರುಗೋಲು ಹಿಡಿದ ಮುದುಕಿ. ಮನೆಯ ಉಡುಪಿನ ಮೇಲೆ ಆತುರದಲ್ಲಿ ಹಾಕಿಕೊಂಡ ಒಳ್ಳೆಯ ಸ್ವೆಟರು. ಮುಖದಲ್ಲಿ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಕಣ್ಣು ಮಾತ್ರ ರಿಬ್ಬನ್ನಿನ ಮೇಲಿತ್ತು.

ಚಾಲಕ ಫೋಟೋ ತೆಗೆದ ಕೂಡಲೇ ಮುಂದಿನ ಸಾವಿಗೆ ಹೊರಟುಹೋಗಿದ್ದ. ಫೋಟೋ ಹೋದದ್ದು ಹನ್ನೆರಡು ಇಪ್ಪತ್ತೆಂಟಕ್ಕೆ. ಓದಿಲ್ಲ ಎಂದು ತೋರಿಸುವ '1' ಅಂಕೆ ಅದರ ಪಕ್ಕದಿಂದ ಅಳಿಸಿಹೋಗಿತ್ತು. ಕೆಳಗೆ ಉತ್ತರವೂ ಬಂದಿತ್ತು: 'ಚೆನ್ನಾಗಿ ತಲುಪಿದೆ. ಧನ್ಯವಾದ.'

ಬೊಕ್ ಹೊರಗೆ ಹೋಗಿ ಜೀಪಿನ ಚಕ್ರಕ್ಕೆ ಎರಡು ಸಲ ಒದ್ದಳು.

ಆ ನಂಬರು ಜೇ ಸರ್ ಪಾಠ ಮಾಡುವ ಟ್ಯೂಷನ್ ಕೇಂದ್ರದ್ದು. ಪೋಷಕರಿಗೆ ಸೂಚನೆ ಕಳಿಸಲು ಕೌಂಟರಿನ ಮೇಲೆ ಇಟ್ಟಿರುವ ಫೋನು. ಅಲ್ಲಿನ ಎಲ್ಲರೂ ಬಳಸುತ್ತಾರೆ. ಕೌಂಟರಿನ ಮೇಲೆ ಕ್ಯಾಮೆರಾ ಇತ್ತು. ಕೋರ್ಟಿನ ಆದೇಶ ತಂದರೆ ಕೊಡುತ್ತೇವೆ ಎಂದರು ವ್ಯವಸ್ಥಾಪಕರು. ಸಂಜೆ ನಾಲ್ಕಕ್ಕೆ ಜೇ ಸರ್ ತಾವಾಗಿಯೇ ಬಂದು ಇಬ್ಬರಿಗೂ ಡಬ್ಬಿ ಕಾಫಿ ಕೊಟ್ಟರು.

"ಪಾಪ, ಬಹಳ ಬೇಜಾರಾಯ್ತು ಕೇಳಿ. ಪೋಷಕರಿಗೆ ಸಿಟ್ಟು ಇರುತ್ತೆ, ಆದ್ರೆ ಇದು ಅತಿಯಾಯ್ತು."

"ನಿಮಗೆ ಆ ಟೀಚರ್ ಪರಿಚಯ ಇದೆಯಾ?"

"ಇಲ್ಲ. ಒಂದು ಸಲಾನೂ ನೋಡಿಲ್ಲ."

ನಾಮ್‌ಗುಂಗ್ ಕಾಫಿಯನ್ನು ಕೌಂಟರಿನ ಮೇಲೇ ಬಿಟ್ಟು ಬಂದರು. ಹೊಟ್ಟೆಗೆ ಆಗುವುದಿಲ್ಲ ಎಂದು ಹೇಳಿದರು.

ಮೇ 11, ಶನಿವಾರ, ಬೆಳಿಗ್ಗೆ ಆರಕ್ಕೆ ಓಂಗ್ ಬುನ್ನಾಮ್ ತೀರಿಕೊಂಡರು. ಎಚ್ಚರ ಬಂದಿರಲೇ ಇಲ್ಲ. ಮೂರು ದಿನವೂ ಮಗಳು ಪಕ್ಕದಲ್ಲಿ ಕೂತು, ನಾನು ಬದುಕಿದೀನಮ್ಮ, ಇಲ್ಲೇ ಇದೀನಿ ಎಂದು ಹೇಳುತ್ತಲೇ ಇದ್ದಳೆಂದು ನರ್ಸು ಹೇಳಿದಳು. ಎಫ್‌ಐಆರಿಗೆ ಸಾವಿಗೆ ಕಾರಣವಾದ ಹಾನಿ ಎಂಬ ಕಲಮು ಸೇರಿತು.

ಆಸ್ಪತ್ರೆಯ ನೆಲಮಾಳಿಗೆಯ ಶವಾಗಾರದ ಸಭಾಂಗಣದಲ್ಲಿ ಸಾವಾದ ಒಂದೊಂದು ಮನೆಯವರಿಗೂ ಒಂದೊಂದು ಕೋಣೆ. ಬೇರೆಯವರ ಬಾಗಿಲುಗಳ ಮುಂದೆ ಪುಷ್ಪಚಕ್ರಗಳು ಜಾಗ ಸಾಲದೆ ಒತ್ತಿಕೊಂಡು ನಿಂತಿದ್ದವು. ತಾಕ್ ಮಿರಾನ್ ಬಾಗಿಲ ಮುಂದೆ ಒಂದೂ ಇರಲಿಲ್ಲ. ಮುಖ್ಯೋಪಾಧ್ಯಾಯರು ಕಳಿಸಿದ್ದನ್ನು ಆಕೆ ಆಗಲೇ ವಾಪಸ್ ಕಳಿಸಿದ್ದರು. ನಾಮ್‌ಗುಂಗ್ ಮತ್ತು ಬೊಕ್ ಮುದುಕಿಯ ಚಿತ್ರಕ್ಕೆ ಎರಡು ಸಲ ಮಣಿದು, ಕಪ್ಪು ಬಟ್ಟೆಯ ಮಗಳಿಗೆ ಒಂದು ಸಲ ಮಣಿದರು. ಬಿನ್ ಅಜ್ಜಿ ಖಾರದ ಮಾಂಸದ ಸಾರು, ಅನ್ನ ತಂದಿಟ್ಟು, ಉಂಡೇ ಹೋಗಬೇಕು ಎಂದರು. ಉಂಡ ಮೇಲೆ ನಾಮ್‌ಗುಂಗ್ ಕೇಳಿದರು.

"ಮೇಡಂ, ಈ ಹೊತ್ತಲ್ಲಿ ಕೇಳಬಾರದು. ಆ ಮನೆ ಮುಂದೆ ಪರ್ಸಿಮನ್ ಮರ ಇತ್ತಾ?"

"ಇತ್ತು. ಕಡಿಸಿ ಎಂಟು ವರ್ಷ ಆಯ್ತು."

"ಅದಕ್ಕೆ ಮುಂಚೆ ಆ ಮನೆಗೆ ಯಾರು ಬರ್ತಿದ್ರು?"

"ನನ್ನ ಹಳೇ ವಿದ್ಯಾರ್ಥಿಗಳು. ಆಗ ನಾನು ಬೇರೆ ಸ್ಕೂಲಲ್ಲಿದ್ದೆ. ಶಿಕ್ಷಕರ ದಿನ ಹಿಂಡುಹಿಂಡಾಗಿ ಬರೋರು, ಅಮ್ಮ ದೊಡ್ಡ ಪಾತ್ರೇಲಿ ಶಾವಿಗೆ ಸಾರು ಮಾಡೋರು. ಟೀಚರಿಗೆ ಉಡುಗೊರೆ ಕೊಡಬಾರದು ಅನ್ನೋ ಕಾನೂನು ಬಂದ ಮೇಲೆ ಮಕ್ಕಳೂ ಹೆದರಿದ್ರು, ನಾವೂ ಹೆದರಿದ್ವಿ. ಬರೋದೇ ನಿಂತೋಯ್ತು."

"ಅವರಲ್ಲಿ ಟ್ಯೂಷನ್ ಬೀದೀಲಿ ಈಗ ಯಾರಿದಾರೆ?"

ತಾಕ್ ಮಿರಾನ್ ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಜೇಮಿನ್ ಅಲ್ಲ," ಎಂದರು. "ಅವನು ಇರಲಾರ ಸಾರ್. ಅವರಪ್ಪ ಓಡಿಹೋದಾಗ ಒಂದು ಚಳಿಗಾಲ ಪೂರ್ತಿ ರಾತ್ರಿ ಊಟ ನಮ್ಮನೇಲೇ ಮಾಡಿದಾನೆ. ಅಮ್ಮ ಅವನಿಗೆ ಹೊಟ್ಟೆ ತುಂಬ ಬಡಿಸಿ, ಬೆಳಿಗ್ಗೆಗೂ ಡಬ್ಬಿ ಕಟ್ಟೋರು. ಇಂಗ್ಲಿಷ್ ಕಲಿತಿದ್ದೇ ನಮ್ಮ ಅಡಿಗೆಮನೆ ಮೇಜಿನ ಮೇಲೆ."

ಬೊಕ್ ಇನ್‌ಸ್ಪೆಕ್ಟರ ಮುಖ ನೋಡಿದಳು. ಒಂದು ಸಲಾನೂ ನೋಡಿಲ್ಲ ಎಂದಿದ್ದ ದನಿ ಇಬ್ಬರ ಕಿವಿಯಲ್ಲೂ ಇತ್ತು. ಸುಳ್ಳು ಹೇಳಿಕೆ, ಹಳೆಯ ವಿಳಾಸ, ಕಡಿದ ಮರ. ಇವಿಷ್ಟನ್ನು ಬರೆದು ಅರ್ಜಿ ಹಾಕಿದಾಗ ಸಂಜೆಗೆ ನ್ಯಾಯಾಧೀಶರು ಕ್ಯಾಮೆರಾ ದೃಶ್ಯಕ್ಕೆ ಆದೇಶ ಕೊಟ್ಟರು.

ಮೇ 12, ಭಾನುವಾರ. ಟ್ಯೂಷನ್ ಬೀದಿಗೆ ಭಾನುವಾರವಿಲ್ಲ. ಹನ್ನೊಂದು ಗಂಟೆಗೆ ಜೇ ಸರ್ ತರಗತಿ ಮುಗಿಯುವವರೆಗೆ ಇಬ್ಬರೂ ಹಿಂದಿನ ಬಾಗಿಲಲ್ಲಿ ನಿಂತಿದ್ದರು. ಹುಡುಗಿಯರು ಹೋದ ಮೇಲೆ ಬೊಕ್ ಆತನನ್ನು ಠಾಣೆಗೆ ಕರೆದಳು. ಆತ ಮೈಕನ್ನು ಕಾಲರಿನಿಂದ ಬಿಚ್ಚಿ, ವೈರನ್ನು ನೀಟಾಗಿ ಸುತ್ತಿಟ್ಟು ಹೊರಟ.

ವಿಚಾರಣೆ ಹನ್ನೆರಡಕ್ಕೆ ಶುರುವಾಯಿತು.

"ತಾಕ್ ಟೀಚರನ್ನ ಒಂದು ಸಲಾನೂ ನೋಡಿಲ್ಲ ಅಂದ್ರಿ."

"ಈಗಿನ ಪರಿಚಯ ಕೇಳ್ತಿದೀರ ಅಂತ ನಾನು ಅಂದ್ಕೊಂಡೆ."

"ಬುಧವಾರ ಹನ್ನೆರಡು ಮೂವತ್ತೊಂದಕ್ಕೆ ಕೌಂಟರಿನ ಫೋನ್ ಎತ್ತಿಕೊಂಡಿರಿ. ಕ್ಯಾಮೆರಾದಲ್ಲಿದೆ. ಏನು ನೋಡಿದ್ರಿ?"

"ನೆನಪಿಲ್ಲ. ದಿನಕ್ಕೆ ನೂರು ಮೆಸೇಜ್ ಬರುತ್ತೆ."

"ಫೋನನ್ನ ಅಷ್ಟು ಹೊತ್ತು ನೋಡ್ತಾ ನಿಂತಿದ್ದು ಆ ನೂರಕ್ಕೂನಾ?"

ನಾಮ್‌ಗುಂಗ್ ಫೋಟೋವನ್ನು ಮೇಜಿನ ಮೇಲೆ ಇಟ್ಟರು. ದೊಡ್ಡದಾಗಿ ಮುದ್ರಿಸಿ ತಂದಿದ್ದರು.

"ಇವರು ಯಾರು?"

"ಗೊತ್ತಿಲ್ಲ."

ನಾಮ್‌ಗುಂಗ್‌ರ ದನಿ ತೀರಾ ಕೆಳಗೆ ಬಂತು. ಮೂಲೆಯಲ್ಲಿ ಹೇಳಿಕೆ ಟೈಪ್ ಮಾಡುತ್ತಿದ್ದ ಬೊಕ್ ಕೈ ನಿಲ್ಲಿಸಿದಳು.

"ಇವರ ಕೈಯಡಿಗೆ ತಿಂದಿದೀಯ ನೀನು. ಒಂದು ಚಳಿಗಾಲ. ಸರಿಯಾಗಿ ನೋಡು. ಯಾರು ಇವರು?"

'ನೀವು' ಹೋಗಿ 'ನೀನು' ಬಂದಾಗ ಬಸ್ಸಿನ ಬೆನ್ನಿನ ಮೇಲಿದ್ದ ಮುಖ ಕಳಚಿತು. ಆತ ಫೋಟೋ ಮುಟ್ಟಲಿಲ್ಲ.

"ಅಜ್ಜಿ," ಎಂದ.

"ಅಜ್ಜಿ ಇನ್ನೂ ಬದುಕಿದಾರೆ ಅಂತ ಗೊತ್ತಿತ್ತಾ?"

"ಇಲ್ಲ. ಆ ಮನೆ ಒಂದೇ ನನಗೆ ಗೊತ್ತಿದ್ದಿದ್ದು. ಟೀಚರ್ ಸಂಜೆ ಬಂದು ನೋಡ್ತಾರೆ ಅಂದ್ಕೊಂಡೆ. ಹೆದರಿ ಸಹಿ ಹಾಕ್ಲಿ ಅಂತ ಅಷ್ಟೇ."

"ಫೋಟೋ ಬಂದಾಗ ಗೊತ್ತಾಯ್ತಲ್ಲ. ಅಜ್ಜಿ 'ಮಗಳು ಸತ್ತಿದಾಳೆ' ಅಂತ ಓದ್ತಿದಾರೆ. ಒಂದು ಫೋನ್, ಜೇಮಿನ್. ಸ್ಕೂಲಿಗೆ ಒಂದು ಫೋನ್ ಮಾಡಿದ್ರೆ ಸಾಕಿತ್ತು. ಅವರು ಹೊಸ್ತಿಲ ಮೇಲೆ ಒಂದೂವರೆ ಗಂಟೆ ಬಿದ್ದಿದ್ರು. ನೀನು ಏನು ಮಾಡಿದೆ?"

"ಧನ್ಯವಾದ ಅಂತ ಕಳಿಸಿದೆ."

"ಆಮೇಲೆ?"

"ಐದು ಗಂಟೆಗೆ ಕ್ಲಾಸ್ ಇತ್ತು."

ಬೊಕ್ ಎರಡೂ ಉತ್ತರಗಳನ್ನು ಟೈಪ್ ಮಾಡಿದಳು. ಆಮೇಲೆ, ಕೇಳುವ ಅಧಿಕಾರ ತನಗಿಲ್ಲದಿದ್ದರೂ, ಕೇಳಿಬಿಟ್ಟಳು.

"ಆ ಎರಡು ಶಬ್ದದ ವ್ಯತ್ಯಾಸ ನಿಮಗೆ ಗೊತ್ತಿರಲಿಲ್ವಾ ಸರ್? ನಿಜವಾಗ್ಲೂ?"

"ಗೊತ್ತಿತ್ತು." ಆತ ಮೊದಲ ಸಲ ತಲೆಯೆತ್ತಿದ. "ಆ ದಿನದ ಆರನೇ ಪಾಠ ಅದು, ಸುಸ್ತಾಗಿತ್ತು. ಬೋರ್ಡ್ ಮೇಲೆ ಅದಲು ಬದಲು ಬರೆದೆ. ಯಾರೂ ಕೇಳಲಿಲ್ಲ. ಎಪ್ಪತ್ತು ಜನರಲ್ಲಿ ಒಬ್ಬಳೂ ಕೈ ಎತ್ತಲಿಲ್ಲ. ಪರೀಕ್ಷೆ ದಿನ ಸಂಜೆ ತಾಯಂದಿರ ಫೋನ್ ಶುರುವಾಯ್ತು. ಮೊದಲನೇ ಫೋನಲ್ಲೇ ಹೇಳಬೇಕಿತ್ತು, ತಪ್ಪು ನನ್ನದು ಅಂತ. ಬಾಯಿಗೆ ಬಂದಿದ್ದು 'ಪ್ರಶ್ನೆ ತಪ್ಪು' ಅಂತ. ಎರಡನೇ ಫೋನಿಗೆ ಬೇರೆ ಹೇಳೋಕೆ ಆಗುತ್ತಾ? ಮೂರನೇದಕ್ಕೆ? ಪೇಪರ್ ತೆಗೆದಿದ್ದು ನಮ್ಮ ಟೀಚರೇ ಅಂತ ಆಮೇಲೆ ಗೊತ್ತಾಯ್ತು. ಅವರು ಸಹಿ ಹಾಕಲ್ಲ ಅಂತಾನೂ ಗೊತ್ತಿತ್ತು. ಅವರು ಹಾಗೇನೇ."

"ಎಡಗಡೆ ರಿಬ್ಬನ್ನಲ್ಲಿ ಶಿಷ್ಯ ಅಂತ ಯಾಕೆ ಬರೆಸಿದೆ?" ನಾಮ್‌ಗುಂಗ್ ಕೇಳಿದರು. "ಪೋಷಕರು ಅಂತ ಬರೆಸಿದ್ರೆ ನಾವು ಇನ್ನೂ ಆ ಹೆಂಗಸರ ಹಿಂದೆ ಅಲೀತಿದ್ವಿ."

"ಅಂಗಡಿಯವನು ಯಾರ ಕಡೆಯಿಂದ ಅಂತ ಕೇಳಿದ. ತಾಕ್ ಟೀಚರಿಗೆ ನಾನು ಬೇರೆ ಏನಾಗಬೇಕು? ಹಾಗೇ ಬಾಯಿಂದ ಬಂದುಬಿಡ್ತು."

ಮಧ್ಯಾಹ್ನ ಎರಡು ಹತ್ತಕ್ಕೆ ಸೊಕ್ ಜೇಮಿನ್ ಬಂಧನವಾಯಿತು. ಅಂತ್ಯಕ್ರಿಯೆ ಮಾರನೆಯ ದಿನ ಇತ್ತು. ಒಂದು ಸಲ ಹೋಗಿ ಅಜ್ಜಿಗೆ ಮಣಿದು ಬರಬಹುದೇ ಎಂದು ಕೇಳಿದ. ನಾಮ್‌ಗುಂಗ್ ತಾಕ್ ಮಿರಾನ್‌ಗೆ ಫೋನ್ ಮಾಡಿ ವಿಷಯ ತಿಳಿಸಿದರು. ಅವರು ಬೇಡ ಎಂದರು.

ಮೇ 15, ಬುಧವಾರ, ಶಿಕ್ಷಕರ ದಿನ. ಹನ್ನೊಂದು ಗಂಟೆಗೆ ತಾಕ್ ಮಿರಾನ್ ಠಾಣೆಗೆ ಬಂದರು, ತಾಯಿಯ ಫೋನು ಯಾವಾಗ ಸಿಗುತ್ತದೆ ಎಂದು ಕೇಳಲು. ಕೋರ್ಟು ಮುಗಿಯುವವರೆಗೆ ಕೊಡಲು ಬರುವುದಿಲ್ಲ ಎಂದು ನಾಮ್‌ಗುಂಗ್ ಹೇಳಬೇಕಾಯಿತು. ಗೇಟಿನ ಹೂವುಗಳನ್ನು ಯಾರೋ ರಾತ್ರೋರಾತ್ರಿ ಎತ್ತಿಸಿದ್ದರು. ಸಮಿತಿಯ ತೀರ್ಮಾನ ಮಾತ್ರ ಬದಲಾಗಿರಲಿಲ್ಲ. ಶಾಲೆಯ ಲೆಕ್ಕದಲ್ಲಿ ಎರಡೂ ಸರಿಯೇ.

"ಅವನಿಗೆ ಗೊತ್ತಿತ್ತಾ?" ಎಂದು ಕೇಳಿದರು ತಾಕ್ ಮಿರಾನ್. "ಆ ಶಬ್ದ?"

"ಗೊತ್ತಿತ್ತಂತೆ ಮೇಡಂ."

"ಗೊತ್ತಿರಲೇಬೇಕು. ಹುಡುಗನಾಗಿದ್ದಾಗ ಅವನಿಗೆ ಆ ಎರಡು ಯಾವಾಗಲೂ ಗಲಿಬಿಲಿ ಆಗೋದು. ಒಂದಿನ ಅಮ್ಮ ಬಡಿಸ್ತಾ ನಿಂತಿದ್ರು. ನಾನು ಅಮ್ಮನ್ನ ತೋರಿಸಿ ಅಂದೆ, ಇವರು ರೆಸ್ಪೆಕ್ಟಬಲ್. ನೀನು ಇವರ ಮುಂದೆ ರೆಸ್ಪೆಕ್ಟ್‌ಫುಲ್ ಆಗಿರಬೇಕು. ಅಮ್ಮನಿಗೆ ಏನೂ ಅರ್ಥ ಆಗಲಿಲ್ಲ. ಹುಡುಗನ್ನ ಉಣ್ಣೋಕೆ ಬಿಡೇ ಅಂತ ನನಗೇ ಬೈದ್ರು. ಆಮೇಲೆ ಅವನು ಯಾವತ್ತೂ ತಪ್ಪಿಲ್ಲ."

ಎದ್ದು, ಮೂರನೇ ಪಿರಿಯಡ್ ಇದೆ ಎಂದು ಹೊರಟರು.

ಮಧ್ಯಾಹ್ನ ನಾಮ್‌ಗುಂಗ್ ಸರ್ಕಾರಿ ವಕೀಲರ ಕಚೇರಿಗೆ ಕಳಿಸುವ ಕಡತ ಪೂರ್ತಿ ಮಾಡಿದರು. ಕೊನೆಯ ಪುಟದಲ್ಲಿ 'ಅಪರಾಧದ ಉದ್ದೇಶ' ಎಂಬ ಅಂಕಣವಿರುತ್ತದೆ. ದ್ವೇಷ, ಆಸೆ, ಹಳೆಯ ವೈಷಮ್ಯ ಎಂದು ಏನಾದರೂ ಬರೆಯುವುದು ರೂಢಿ. ನಾಮ್‌ಗುಂಗ್ ಬರೆದದ್ದು ಒಂದೇ ಸಾಲು: 'ತಪ್ಪು ನನ್ನದು ಎಂದು ಹೇಳಲಾಗಲಿಲ್ಲ.'

ಎರಡು ದಿನಕ್ಕೆ ಕಡತ ವಾಪಸ್ ಬಂತು. ಉದ್ದೇಶದ ವಿವರಣೆ ಸಾಲದು, ವಿಸ್ತರಿಸಿ ಬರೆಯುವುದು ಎಂದು ಕೆಂಪು ಶಾಯಿಯಲ್ಲಿ ಸೂಚನೆ ಇತ್ತು. ನಾಮ್‌ಗುಂಗ್ ಆ ಪುಟವನ್ನು ಮತ್ತೊಮ್ಮೆ ಓದಿದರು. ಏನೂ ಸೇರಿಸದೆ, ಹಾಗೇ ತಿರುಗಿ ಕಳಿಸಿದರು.